ಬಾಗಿಲಿಲ್ಲದ ದೇವರ ಮನೆ, ಮತ್ತು ಎದುರಿನವರ ವಕಾಲತ್ತು

ಮನೆಗಳ ನಕ್ಷೆ ಬರೆಯುವ ಜಯನಗರದ ಆಫೀಸೊಂದರಲ್ಲಿ ನಾನು ಟೀಮಿನ ಮುಖ್ಯಸ್ಥ. ಗೋಡೆ ಎಲ್ಲಿ ಬರಬೇಕೆಂದು ನಮ್ಮಲ್ಲಿ ಜಗಳವಾಗುವುದಿಲ್ಲ. ಅದನ್ನು ಮೊದಲು ಯಾರು ಹೇಳಿದರು ಎಂದು ವಾರಕ್ಕೊಮ್ಮೆಯಾದರೂ ಆಗುತ್ತದೆ.

ಬಾಗಿಲು

ಟೀಮಿನಲ್ಲಿ ಇಬ್ಬರು. ಮೇಡಂ ಬಸವನಗುಡಿಯಲ್ಲೇ ಹುಟ್ಟಿ ಬೆಳೆದವರು. ಮೆತ್ತಗೆ ಮಾತಾಡಿ ಚುಚ್ಚುವುದರಲ್ಲಿ ನಿಸ್ಸೀಮರು. ಇನ್ನೊಬ್ಬ ಹುಬ್ಬಳ್ಳಿಯವನು, ಬಿಟಿಎಂನಲ್ಲಿ ಬಾಡಿಗೆಗಿದ್ದಾನೆ. ಗುಡ್ ಮಾರ್ನಿಂಗ್ ಅಂದರೂ ಜಗಳಕ್ಕೆ ಬಂದಂತಿರುತ್ತದೆ.

ಇಬ್ಬರೂ ಮಾತು ಬಿಟ್ಟಿದ್ದ ವಾರ, ವಸಂತಪುರದ ಮನೆಯೊಂದರ ನಕ್ಷೆಯ ಕೆಲಸ ಬಂತು. ದೇವರ ಮನೆಯ ಬಾಗಿಲನ್ನು ಮೇಡಂ ಪೂರ್ವಕ್ಕಿಟ್ಟರು. ಅವನು ಅಳಿಸಿ ಉತ್ತರಕ್ಕಿಟ್ಟ. ಅದನ್ನು ಮೇಡಂ ಅಳಿಸಿದರು. ಇನ್ನೊಬ್ಬರು ಬರೆಯುತ್ತಾರೆ ಅಂತ ಇಬ್ಬರೂ ಸುಮ್ಮನಾದರು. ನಾನು ರಜೆಯಲ್ಲಿದ್ದೆ. ನಕ್ಷೆ ಹಾಗೇ ಹೋಯಿತು.

ಮನೆಯವರ ಫೋನು ಬಂತು: "ಸಾರ್, ದೇವರ ಮನೆ ಚೆನ್ನಾಗಿದೆ. ಒಳಗೆ ಹೋಗೋದು ದೇವರೊಬ್ರೇನಾ?"

ವರ್ಗಾವಣೆ

ಮರುದಿನ ನನ್ನ ಮೇಜಿನ ಮೇಲೆ ಎರಡು ಅರ್ಜಿ. "ಇವರ ಜೊತೆ ಕೆಲಸ ಸಾಧ್ಯವಿಲ್ಲ, ಬೇರೆ ಬ್ರ್ಯಾಂಚಿಗೆ ಹಾಕಿ." ಶುಕ್ರವಾರದೊಳಗೆ ವಾಪಸ್ ತೆಗೆದುಕೊಳ್ಳದಿದ್ದರೆ ಮೇಲಿನವರಿಗೆ ಕಳಿಸಲೇಬೇಕು. ಇಬ್ಬರೂ ಹೋದರೆ ಟೀಮಿನಲ್ಲಿ ಉಳಿಯುವುದು ನಾನು ಮತ್ತು ಪ್ರಿಂಟರ್. ಪ್ರಿಂಟರಿಗೂ ನನಗೂ ಆಗಿಬರುವುದಿಲ್ಲ.

ಒಬ್ಬರಿಂದೊಬ್ಬರು ತಪ್ಪಿಸಿಕೊಳ್ಳಲು ಇಬ್ಬರೂ ಕೇಳಿದ್ದು ಅದೇ ಉತ್ತರಹಳ್ಳಿ ಬ್ರ್ಯಾಂಚು.

ವಕಾಲತ್ತು

ಕಾನ್ವೆಂಟಿನಲ್ಲಿ ನಮ್ಮ ಡಿಬೇಟ್ ಮಿಸ್ ಎದುರು ಪಕ್ಷದ ಪರವಾಗಿಯೂ ಮಾತಾಡಿಸುತ್ತಿದ್ದರು. ಅದನ್ನೇ ನಿಯಮ ಮಾಡಿದೆ. ದೂರು ಕೊಟ್ಟವರು ಮೊದಲು ಎದುರಿನವರ ಪರವಾಗಿ ವಾದಿಸಬೇಕು. ನಿಂತುಕೊಂಡು, ಪೂರ್ತಿಯಾಗಿ.

ಹುಬ್ಬಳ್ಳಿಯವನು ಎದ್ದ. "ಸರ, ಮೇಡಮ್ಮಾರು ಇಪ್ಪತ್ತು ವರ್ಷದಿಂದ ನಕ್ಷಾ ತಗೀತಾರ. ನಿನ್ನೆ ಬಂದಂವ ಒಂದ್ ಮಾತು ಹೇಳಲಾರ್ದ ಅಳಿಸಿದ್ರ ಸಿಟ್ಟು ಬರೂದಿಲ್ಲೇನ್ರೀ? ಎಂಥಾ ಮನಷ್ಯಾ ಅಂವ!" ಎಂದು ಮೇಜು ಗುದ್ದಿದ.

ಮೇಡಂ ಕನ್ನಡಕ ಒರೆಸಿಕೊಂಡರು. "ಸಾರ್, ಅವ್ರು ಜೋರಾಗಿ ಮಾತಾಡ್ತಾರೆ ಅಷ್ಟೇ, ಮನಸ್ಸಲ್ಲಿ ಏನೂ ಇಟ್ಕೊಳಲ್ಲ. ನಾನೇ ಎದುರಿಗೆ ಹೇಳ್ದೆ ನಕ್ಷೆ ಮೇಲೆ ಕೆಂಪು ಪೆನ್ನಲ್ಲಿ ಬರೆದು ಚುಚ್ತೀನಿ."

ಬಾಗಿಲು ಐದು ನಿಮಿಷದಲ್ಲಿ ಪೂರ್ವಕ್ಕೆ ಬಂತು. ಆಮೇಲೆ ಅವನು ಮೇಡಂ ಕಡೆ ತಿರುಗಿ ಗದರಿದ: "ನನ್ನ ಪರ ನನಗಿಂತ ಛಲೋ ಮಾತಾಡೀರಿ. ಇನ್ನ ಮ್ಯಾಲೆ ನನ್ನ ಜಗಳಾನೂ ನೀವ ಆಡ್ರೀ!"

ನನ್ನ ಸರದಿ

ಶುಕ್ರವಾರ ಬೆಳಿಗ್ಗೆಯೂ ಅರ್ಜಿಗಳು ಮೇಜಿನ ಮೇಲೇ ಇದ್ದವು. "ರಾಜಿ ಆಯಿತಲ್ಲ, ಮತ್ತಿನ್ನೇನು?" ಎಂದೆ.

ಮೇಡಂ ಮೆತ್ತಗೆ ಒಂದು ಹಾಳೆ ಮುಂದಿಟ್ಟರು. "ನಮ್ಮ ಜಗಳ ಮುಗೀತು ಸಾರ್. ಇದು ನಿಮ್ಮ ಮೇಲಿನ ದೂರು. ಇಬ್ರೂ ಸೇರಿ ಬರೆದಿದ್ದೀವಿ."

"ಹಾಗಾದರೆ ಮೊದಲು ನನ್ನ ಪರವಾಗಿ ವಾದಿಸಿ."

"ಅದನ್ನ ನೀವು ದಿನಾ ಮಾಡ್ತೀರಿ ಸಾರ್. ಇವತ್ತು ನಮ್ಮ ಪರ ನೀವು ಮಾತಾಡಿ."

ನ್ಯಾಯವಾದ ಮಾತು. ಎದ್ದು ನಿಂತೆ. ಅರೆಬರೆ ಕೆಲಸ ನನಗಾಗದು. ಒಂದು ನಿಮಿಷ ತಡವಾದರೆ ಗಡಿಯಾರ ತೋರಿಸುವುದು, ಹುಟ್ಟುಹಬ್ಬದ ಕಾರ್ಡನ್ನು ತಿದ್ದಿ ವಾಪಸ್ ಕೊಡುವುದು, ಹೊಗಳುವಾಗಲೂ "ಪರವಾಗಿಲ್ಲ" ಎಂದಷ್ಟೇ ಹೇಳುವುದು... ಒಂದೊಂದಾಗಿ ಮಂಡಿಸಿದೆ.

ಒಂಬತ್ತನೆಯದಕ್ಕೆ ಬಂದಾಗ ಹುಬ್ಬಳ್ಳಿಯವನು ಕೈಮುಗಿದ. "ಸಾಕ್ರೀ ಸರ. ನಾವು ಬರದದ್ದು ಮೂರ ಐತಿ."

"ನಮ್ಮ ಅರ್ಜಿ ಕೊಡಿ ಸಾರ್," ಎಂದು ಮೇಡಂ ಕೈ ಚಾಚಿದರು. "ಹರಿದು ಹಾಕ್ತೀವಿ."

ಎರಡನ್ನೂ ಕೊಟ್ಟೆ. ಕೊಡುವ ಮೊದಲು ಒಂದರಲ್ಲಿ ತಪ್ಪಿದ್ದ ತಾರೀಖನ್ನು ಮಾತ್ರ ತಿದ್ದಿದೆ.