ಕುಣಿತದ ಮೇಷ್ಟ್ರ ಅತೃಪ್ತಿ

ಓನೊತೋವಾ ದ್ವೀಪದ ಶಾಲೆಯಲ್ಲಿ ಕುಣಿತ ಕಲಿಸುವ ಕಬೂನಾರೆಗೆ ಆ ಬೆಳಿಗ್ಗೆಯವರೆಗೆ ತಾನು ಸುಖಿಯೋ ದುಃಖಿಯೋ ಎಂದು ಯೋಚಿಸುವ ಪುರುಸೊತ್ತೇ ಸಿಕ್ಕಿರಲಿಲ್ಲ. ಯೋಚನೆ ಹಚ್ಚಿದವನು ಗಣಿತದ ಮೇಷ್ಟ್ರು ಬಾಕೊವಾ. ಬಾಯಲ್ಲಿ ಸುಟ್ಟ ಜೀಗುಜ್ಜೆ, ಕಂಕುಳಲ್ಲಿ ರೇಡಿಯೋ ಇಟ್ಟುಕೊಂಡು ಅವನು ಓಡಿ ಬಂದ.

"ಕೆಟ್ಟೆ ಕಣೋ ಕಬೂನಾರೆ! ಇವತ್ತಿನ ವಿಮಾನಕ್ಕೆ ರಾಜಧಾನಿ ತರಾವಾದಿಂದ ಅಧಿಕಾರಿ ಅಮ್ಮ ಬರ್ತಾ ಇದಾರೆ. ಕಿವಿ ಕೇಳ್ದಿರೋ ಮಕ್ಳು, ನಡೆಯಕ್ಕಾಗ್ದಿರೋ ಮಕ್ಳು, ಎಲ್ರನ್ನೂ ಒಂದೇ ಚಾಪೆ ಮೇಲೆ ಕೂರ್ಸಿ ಕಲೆ ಕಲಿಸ್ತಾರಲ್ಲ, ಅಂಥ ಮೇಷ್ಟ್ರುಗಳಿಗೆ ಕೆಲಸದಲ್ಲಿ ತೃಪ್ತಿ ಇದೆಯಾ ಅಂತ ಕೇಳ್ತಾರಂತೆ."

"ಇದೆ ಅಂದ್ರಾಯ್ತು."

"ಅಂದ್ಯೋ, ಮುಗೀತು! ಪಕ್ಕದ ದ್ವೀಪದಲ್ಲಿ ಚಾಪೆ ಹೆಣೆಯೋದು ಕಲಿಸ್ತಿದ್ಳಲ್ಲ, ಅವಳು 'ಬಹಳ ತೃಪ್ತಿ' ಅಂದ್ಳಂತೆ. ಅಷ್ಟು ಚೆನ್ನಾಗಿದ್ರೆ ಉಳಿದೋರಿಗೂ ಕಲಿಸು ಬಾ ಅಂತ ತರಾವಾಕ್ಕೆ ಎತ್ತಾಕ್ಕೊಂಡು ಹೋದ್ರು. ಈಗ ಅವಳ ಮುಂದೆ ಮಕ್ಳಿಲ್ಲ, ಬರೀ ಮೇಜು!"

ಕಬೂನಾರೆ ಕುಡಿಯುತ್ತಿದ್ದ ಎಳನೀರನ್ನು ಕೆಳಗಿಟ್ಟ. ಅವನ ಕಣ್ಣೆದುರು ಹತ್ತು ವರ್ಷದ ರೆರೆಯಾ ಬಂದಳು. ಹುಟ್ಟಿದಾಗಿನಿಂದ ಒಂದು ಸದ್ದನ್ನೂ ಕೇಳದ ಹುಡುಗಿ. ಮೂರು ತಿಂಗಳ ಹಿಂದೆ, ತಾಳ ಬಡಿಯುವ ಮರದ ಪೆಟ್ಟಿಗೆಯ ಮೇಲೆ ಯಾರೂ ಹೇಳದೆಯೇ ಅಂಗೈ ಇಟ್ಟಿದ್ದಳು. ಕಣ್ಣು ಮುಚ್ಚಿದ್ದಳು. ನಿಧಾನವಾಗಿ ಅವಳ ಭುಜ ತಾಳಕ್ಕೆ ಸರಿಯಾಗಿ ಏಳತೊಡಗಿತ್ತು. ಆ ದಿನ ಕಬೂನಾರೆ ಶಾಲೆಯ ಹಿಂದೆ ಹೋಗಿ ಸಮುದ್ರದ ಎದುರು ಮೊಣಕಾಲೂರಿ ಪ್ರಾರ್ಥಿಸಲು ಹೊರಟು, ಮಾತೇ ಸಿಗದೆ ಸುಮ್ಮನೆ ಎದ್ದು ಬಂದಿದ್ದ. ಇದನ್ನು ಬಿಟ್ಟು ಮೇಜಿನ ಮುಂದೆ ಕೂರುವುದೇ?

"ಏನ್ ಮಾಡ್ಲಿ ಮಾರಾಯ?"

"ಅತೃಪ್ತನಾಗು. ಮಧ್ಯಾಹ್ನದವರೆಗೆ ಟೈಮಿದೆ."

ಹೆಡ್‌ಮಿಸ್ ತೆಕಿನೆನೆಗೂ ಈ ಮೇಷ್ಟ್ರನ್ನು ಕಳೆದುಕೊಳ್ಳುವ ಮನಸ್ಸಿರಲಿಲ್ಲ. ಆಕೆಯೂ ಬಂದು ಕೂತಳು. ಇಬ್ಬರೂ ಸೇರಿ ಅವನಿಗೆ ದುಃಖ ಕಲಿಸಿದರು.

"ಎಲ್ಲಿ, ಒಂದು ನಿಟ್ಟುಸಿರು ಬಿಡು," ಎಂದಳು ಹೆಡ್‌ಮಿಸ್.

ಬಿಟ್ಟ.

"ಅಯ್ಯೋ, ಅದು ಊಟ ಆದ್ಮೇಲಿನ ನಿಟ್ಟುಸಿರು ಕಣೋ! ನಿಂಗೆ ಬೇಕಾಗಿರೋದು ಊಟ ಇಲ್ದೇ ಇರೋದು."

ವಿಮಾನ ಬಂತು. ಅಧಿಕಾರಿ ಕತರೀನಾ ಇಳಿದಳು. ಐವತ್ತರ ಹೆಂಗಸು, ಹನ್ನೊಂದು ದ್ವೀಪ ಸುತ್ತಿ, ಒಗೆದು ಒಗೆದು ಬಣ್ಣ ಹೋದ ಬಟ್ಟೆಯಂತಾಗಿದ್ದಳು. ಊರ ಮುದುಕರೆಲ್ಲ ಮನೆಯಾಬಾದ, ಅಂದರೆ ಊರ ಸಭಾಮನೆಯ, ದೊಡ್ಡ ಮಾಡಿನ ಕೆಳಗೆ, ತಮ್ಮ ತಮ್ಮ ಕಂಬದ ಜಾಗದಲ್ಲಿ ಕೂತರು. ಒಂದು ಬದಿಗೆ ಮಕ್ಕಳು. ಕತರೀನಾಳ ತಲೆಗೆ ಹೂವಿನ ದಂಡೆ ಇಟ್ಟರು. ಅವಳು ಹಾಳೆ ಬಿಡಿಸಿದಳು.

"ಬೆಳಿಗ್ಗೆ ಕೆಲಸಕ್ಕೆ ಬರುವಾಗ ಉತ್ಸಾಹ ಇರುತ್ತಾ?"

"ಇಲ್ಲಮ್ಮ. ಕಾಲೇ ಏಳಲ್ಲ," ಎಂದ ಕಬೂನಾರೆ.

"ಸುಳ್ಳು!" ಎಂದಳು ಅಡುಗೆಯ ಮುದುಕಿ ಹಿಂದಿನಿಂದ. "ಕೋಳಿ ಕೂಗೋಕ್ ಮುಂಚೆ ಬಂದು ಚಾಪೆ ಕೊಡವ್ತಾನೆ!"

"ಅದು ದುಃಖಕ್ಕೆ ನಿದ್ದೆ ಬರ್ದೆ ಅಜ್ಜಿ," ಎಂದು ಬಾಕೊವಾ ಹಲ್ಲು ಕಡಿದ.

"ಮಕ್ಕಳ ಮುಖದಲ್ಲಿ ನಗು ಕಾಣ್ತೀರಾ?"

"ಒಂದು ದಿನವೂ ಇಲ್ಲ."

ಕತರೀನಾ ಪೆನ್ನು ಕೆಳಗಿಟ್ಟಳು. "ನಮ್ಮ ಕುಣಿತದಲ್ಲಿ ನಗೋ ಹಾಗೇ ಇಲ್ಲ, ಹಲ್ಲು ಬಿಟ್ರೆ ನಮ್ಮಜ್ಜಿನೂ ಕಿವಿ ಹಿಂಡೋರು. ಈ ಪ್ರಶ್ನೆ ಯಾರೋ ಹೊರಗಿನೋರು ಬರ್ದಿದ್ದು, ಬಿಡಿ."

ಕಬೂನಾರೆ ತಲೆ ತಗ್ಗಿಸಿದ. ಅಭಿನಯಕ್ಕಲ್ಲ, ದೇವರ ಹೆಸರು ಹೇಳಿ ಶುರುಮಾಡಿದ ಸಭೆಯಲ್ಲಿ ಸುಳ್ಳು ಹೇಳಿದ ನಾಚಿಕೆಗೆ. ರೆರೆಯಾ ಅದನ್ನು ನೋಡಿದಳು. ಮಾತು ಕೇಳದವಳಿಗೆ ಮುಖಗಳೇ ಮಾತು. ಮೇಷ್ಟ್ರಿಗೆ ಈಯಮ್ಮ ಏನೋ ನೋವು ಮಾಡಿದ್ದಾಳೆ ಎಂದು ಕೈಸನ್ನೆಯಲ್ಲಿ ಉಳಿದವರಿಗೆ ಹೇಳಿದಳು. ಕಾಲು ಬಾರದ ತೆಬೋರಾ ತೆವಳುತ್ತ ಮುಂದಿನ ಸಾಲಿಗೆ ಬಂದು ಕೂತಳು. ಅದು ಕೂತೇ ಆಡುವ ಕುಣಿತ. ಅಲ್ಲಿ ಯಾರ ಕಾಲಿಗೂ ಕೆಲಸವಿಲ್ಲ. ಮೇಷ್ಟ್ರನ್ನು ಗೆಲುವಾಗಿಸಲು ಇಪ್ಪತ್ತು ಮಕ್ಕಳು ಸಾಲಾದರು. ಪೆಟ್ಟಿಗೆ ಎಳೆದು ತಂದು ಬಾಕೊವಾನ ಮುಂದೆ ಇಟ್ಟರು. ಪೆಟ್ಟಿಗೆ ಕಂಡರೆ ಬಾಕೊವಾನ ಕೈ ಅವನ ಮಾತು ಕೇಳುತ್ತಿರಲಿಲ್ಲ. ಬಡಿದ.

ಮೊದಲು ಮೆಲ್ಲಗೆ. ರೆರೆಯಾಳ ಅಂಗೈ ಪೆಟ್ಟಿಗೆಯ ಮೇಲಿತ್ತು. ಆಮೇಲೆ ತೋಳು ಚಾಚುವ ಘಟ್ಟ ಬಂತು. ಅವಳು ಕೈ ತೆಗೆದಳು. ಇನ್ನು ಅವಳಿಗೆ ತಾಳ ತಿಳಿಯುವ ದಾರಿಯೇ ಇರಲಿಲ್ಲ. ಕಣ್ಣನ್ನೂ ಮುಚ್ಚಿದ್ದಳು. ಇಪ್ಪತ್ತು ಜೊತೆ ತೋಳುಗಳು ಕಡಲಹಕ್ಕಿಯ ರೆಕ್ಕೆಯಂತೆ ಒಂದೇ ಕ್ಷಣಕ್ಕೆ ತೆರೆದವು. ಅವಳದೂ. ಕತ್ತುಗಳು ಒಂದೇ ಕ್ಷಣಕ್ಕೆ ಹೊರಳಿದವು. ಅವಳದೂ. ಮುದುಕರ ಹಾಡು ಏರಿತು. ತೆಬೋರಾಳ ಬೆರಳ ತುದಿ ಎಲೆಯಂತೆ ನಡುಗಿತು. ಮಾಡಿನ ಕೆಳಗೆ ಯಾವುದೋ ದೊಡ್ಡದು ಬಂದು ಕೂತಂತಾಯಿತು. ಅದಕ್ಕೆ ಹೆಸರಿಡಲು ಯಾರೂ ಹೋಗಲಿಲ್ಲ. ಕಬೂನಾರೆ ಅತ್ತ. ಬಾಕೊವಾ ಬಡಿಯುತ್ತಲೇ ಅತ್ತ. ಅಡುಗೆಯ ಮುದುಕಿ ಎಲ್ಲರಿಗಿಂತ ಜೋರಾಗಿ ಅತ್ತಳು.

ಸದ್ದು ನಿಂತ ಮೇಲೆ ಕತರೀನಾ ಮತ್ತೆ ಪೆನ್ನು ಎತ್ತಿಕೊಂಡಳು. ಕೊನೆಯ ಪ್ರಶ್ನೆ ಕೇಳಿದಳು: "ಕೆಲಸದಲ್ಲಿ ತೃಪ್ತಿ, ಐದರಲ್ಲಿ ಎಷ್ಟು?"

ಬಾಕೊವಾ ದೂರದಿಂದ ಒಂದೇ ಬೆರಳು ತೋರಿಸುತ್ತಿದ್ದ. ಕಬೂನಾರೆ ಅತ್ತ ನೋಡಲಿಲ್ಲ.

"ಐದು ಅಕ್ಕಾ. ಐದು ಸಾಲಲ್ಲ. ಆಗ್ಲೇ ಹೇಳಿದ್ದೆಲ್ಲ ಸುಳ್ಳು. ಬೇಕಾದ್ರೆ ಎತ್ತಾಕ್ಕೊಂಡು ಹೋಗಿ."

"ಎಲ್ಲಿಗೆ?"

"ತರಾವಾಕ್ಕೆ. ತೃಪ್ತಿ ಇರೋರನ್ನ ಕರ್ಕೊಂಡು ಹೋಗ್ತೀರಂತೆ. ಆ ಚಾಪೆ ಮೇಡಂನ..."

"ಅವಳು ಹೆರಿಗೆಗೆ ಬಂದಿದಾಳಪ್ಪ!" ಎಂದು ಕತರೀನಾ ನಕ್ಕಳು. "ತೃಪ್ತಿಯಾಗಿರೋರನ್ನ ಯಾರಾದ್ರೂ ಎಬ್ಬಿಸ್ತಾರಾ?"

ಇಡೀ ಸಭೆ ಬಾಕೊವಾನನ್ನು ನೋಡಿತು. ಬಾಕೊವಾ ರೇಡಿಯೋವನ್ನು ನೋಡಿದ. ಕಬೂನಾರೆಯ ಎದೆಯ ಮೇಲಿಂದ ಒಂದು ದೋಣಿಯನ್ನೇ ಇಳಿಸಿದಂತಾಯಿತು.

ಆಗ ಕತರೀನಾ ಚಪ್ಪಲಿ ಬಿಟ್ಟು, ಮಕ್ಕಳ ಸಾಲಿನ ತುದಿಯಲ್ಲಿ ಚಾಪೆಯ ಮೇಲೆ ಕೂತಳು.

"ಕಬೂನಾರೆ, ನಂದೊಂದು ಬುಬುಸಿ ಇದೆ."

ಮುದುಕರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡರು. ಬುಬುಸಿ ಎಂದರೆ ಬೇಡಿಕೆ. ಆ ಮಾತು ಹೇಳಿ ಕೇಳಿದ ಮೇಲೆ ದೋಣಿಯಾಗಲಿ, ಹಂದಿಯಾಗಲಿ, ಮೈಮೇಲಿನ ಅಂಗಿಯಾಗಲಿ, ಇಲ್ಲ ಎನ್ನುವ ನಾಲಿಗೆ ಆ ದ್ವೀಪಗಳಲ್ಲಿ ಹುಟ್ಟಿಲ್ಲ.

"ಒಂಬತ್ತು ವರ್ಷ ನಾನೂ ಕುಣಿತ ಕಲಿಸ್ದೋಳು ತಮ್ಮಾ. ಆಮೇಲೆ ಕುರ್ಚಿ ಕೊಟ್ರು. ಹದಿನೇಳು ವರ್ಷ ಆಯ್ತು, ಇನ್ನೊಬ್ರ ತೃಪ್ತಿ ಕೇಳ್ಕೊಂಡು ತಿರುಗ್ತಾ ಇದೀನಿ. ನನ್ನ ಒಬ್ರೂ ಕೇಳ್ಲಿಲ್ಲ. ನಿನ್ನ ಕ್ಲಾಸು ನಂಗೆ ಕೊಡು. ನನ್ನ ಕುರ್ಚಿ ನೀನು ತಗೋ. ವರ್ಗಾವಣೆಗೆ ರುಜು ಹಾಕೋಳು ಹ್ಯಾಗೂ ನಾನೇ."

ಕಬೂನಾರೆ ಹೆಡ್‌ಮಿಸ್ ಕಡೆ ನೋಡಿದ. ಆಕೆ ಮಾಡಿನ ತೊಲೆ ಎಣಿಸುತ್ತಿದ್ದಳು. ಮುದುಕರು ನಿಧಾನವಾಗಿ ತಲೆದೂಗಿದರು: ಬುಬುಸಿ ಅಂದರೆ ಬುಬುಸಿ.

"ಆಗ್ಲಿ," ಎಂದಿತು ಕಬೂನಾರೆಯ ಗಂಟಲು.

ಕತರೀನಾ ಹಾಳೆಯ ಕಟ್ಟನ್ನೂ ಪೆನ್ನನ್ನೂ ಅವನ ಕೈಗಿಟ್ಟಳು. ನಾಳಿನ ವಿಮಾನಕ್ಕೆ ಮುಂದಿನ ದ್ವೀಪ. ಕೆಲಸವೆಂದ ಮೇಲೆ ಕೆಲಸವೇ. ಅವನು ಮೂಗೊರೆಸಿಕೊಂಡು ಹೊಸ ಹಾಳೆ ತೆಗೆದು ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳಿದ.

"ಅಕ್ಕಾ, ಕೆಲಸದಲ್ಲಿ ನಿಮಗೆ ತೃಪ್ತಿ ಇದೆಯಾ?"

ಅವಳಿಗೆ ಕೇಳಿಸಲಿಲ್ಲ. ರೆರೆಯಾ ಅವಳ ಅಂಗೈ ಹಿಡಿದು ಪೆಟ್ಟಿಗೆಯ ಮೇಲೆ ಇಡುತ್ತಿದ್ದಳು.

ಕಬೂನಾರೆ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಾನೇ ಐದು ಎಂದು ಬರೆದುಕೊಂಡ.