ಇಳಕಲ್ಲಿಗೆ ಲಿನಕ್ಸ್ ಬಂತು

ಕಂಪ್ಯೂಟರ್ ಕೆಲಸ ಮಾಡುವವನು ನಗೆ ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ಚಪ್ಪಲಿ ಬಿಟ್ಟು ಒಳಗೆ ಬಂದು ಪಕ್ಕದಲ್ಲಿ ಕೂರುತ್ತದೆ. ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ಇಳಕಲ್ಲಿನ ನಮ್ಮ ಓಣಿಯ ವಾಚನಾಲಯದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ನಾನು. ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯಾಚರಣೆ ವ್ಯವಸ್ಥೆ ಹಾಕಿದವನೂ ನಾನೇ. ಹುನಗುಂದ ತಾಲೂಕಿಗೇ ಅದು ಮೊದಲನೆಯದು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಎರಡನೆಯದನ್ನು ಯಾರೂ ತೋರಿಸದ ಕಾರಣ ಈಗಲೂ ಹೇಳುತ್ತೇನೆ.

ಇ-ಪುಸ್ತಕಗಳನ್ನು ಜೋಡಿಸಿಡುವ ತಂತ್ರಾಂಶವೊಂದು ಅದರ ಜೊತೆಗೇ ಬಂದಿತ್ತು. ಆದರೆ ಹಳೆಯದು, ಕನ್ನಡ ಪುಸ್ತಕ ತೆರೆದರೆ ಪುಟದ ತುಂಬ ಬರೀ ಚೌಕ ಡಬ್ಬಿ. ಇ-ಪುಸ್ತಕ ವಿಭಾಗದ ಉದ್ಘಾಟನೆಯೊಳಗೆ ಹೊಸದನ್ನು ಹಾಕಲೇಬೇಕಿತ್ತು. "ಉದ್ಘಾಟನಿ ದಿನ ಪುಸ್ತಕ ತೆರಿಲಿಲ್ಲ ಅಂದ್ರ ನಿನ್ನ ಲಿನಕ್ಸ್ ಅಳಿಸಿ ಹಾಕಸ್ತೇನಿ ನೋಡು" ಎಂದು ವಾಚನಾಲಯದ ಕಾರ್ಯದರ್ಶಿಗಳು ಹೇಳಿಬಿಟ್ಟಿದ್ದರು. ನನ್ನ ಮರ್ಯಾದೆಯೆಲ್ಲ ಆ ತಂತ್ರಾಂಶದ ಕೈಯಲ್ಲಿತ್ತು.

೧. ರೂಟ್

ಕಾರ್ಯದರ್ಶಿಗಳು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಲಿನಕ್ಸ್‌ನಲ್ಲಿ ಯಜಮಾನನ ಒಪ್ಪಿಗೆ ಇಲ್ಲದೆ ಹೊಸದೇನನ್ನೂ ಹಾಕಲಾಗದು. ಆ ಯಜಮಾನನಿಗೆ 'ರೂಟ್' ಎಂದು ಹೆಸರು. ಯಂತ್ರ ಅಡ್ಡಗಾಲು ಹಾಕಿದಾಗ ನಾನು, "ಸರ್, ರೂಟ್ ಪರ್ಮಿಷನ್ ಬೇಕಂತ್ರಿ" ಎಂದೆ.

ಅವರು ಕನ್ನಡಕ ಏರಿಸಿದರು. "ಅಷ್ಟ ಅಲ್ಲೇನು? ಬದಾಮಿ ರೂಟೋ, ಕೆರೂರ ರೂಟೋ ಹೇಳು. ಡಿಪೋದಾಗ ಇನ್ನೂ ನನ್ನ ಮಾತು ನಡೀತೈತಿ."

೨. ಗುಟ್ಟಿನ ಪಾಸ್‌ವರ್ಡ್

ಆ ಒಪ್ಪಿಗೆಗೆ ಬೇಕಾದ ಪಾಸ್‌ವರ್ಡನ್ನು ಲಿನಕ್ಸ್ ಹಾಕಿದ ದಿನ ಇಟ್ಟವರು ಅವರೇ, ಹೆಂಡತಿಗೂ ಹೇಳಿರಲಿಲ್ಲ. ನನ್ನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ ತಾವೇ ಒತ್ತಿದರು. ಲಿನಕ್ಸ್‌ನಲ್ಲಿ ಪಾಸ್‌ವರ್ಡ್ ಒತ್ತುವಾಗ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡುವುದಿಲ್ಲ.

"ಏನೂ ಬೀಳವಲ್ದಲ್ಲೋ! ಇದಕ್ಕ ಕಿವಿ ಕೇಳ್ಸಂಗಿಲ್ಲೇನು?" ಎಂದು ಸಿಟ್ಟಿಗೆದ್ದವರೇ ಬಸ್ ಸ್ಟ್ಯಾಂಡಿನ ಮೈಕಿನ ದನಿಯಲ್ಲಿ ಒಂದೊಂದೇ ಅಕ್ಷರ ಕೂಗಿ ಕೂಗಿ ಒತ್ತತೊಡಗಿದರು. ಪತ್ರಿಕೆ ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಮುಗಿಸಿದ ಮೇಲೆ ನನ್ನ ಹೆಗಲು ತಟ್ಟಿ, "ನೀ ನೋಡಿಲ್ಲ ಹೌದಲ್ಲೋ?" ಎಂದರು.

"ಖರೇನ ನೋಡಿಲ್ರಿ ಸರ್" ಎಂದೆ.

೩. ಕೊಂಡಿ

ಒಪ್ಪಿಗೆ ಸಿಕ್ಕರೂ ಹೊಸ ತಂತ್ರಾಂಶ ಇಳಿಯಲಿಲ್ಲ. ನನ್ನ ಹತ್ತಿರವಿದ್ದ ಲಿಂಕ್ ಕೆಟ್ಟಿತ್ತು. ನಾನೋ ಕನ್ನಡದ ಅಭಿಮಾನಿ, ಲಿಂಕಿಗೆ 'ಕೊಂಡಿ' ಎನ್ನುವವನು. ಬಾಗಲಕೋಟೆಯ ಗೆಳೆಯನಿಗೆ ಫೋನ್ ಹಚ್ಚಿ, "ಲೇ, ಕಂಪ್ಯೂಟರಿನ್ಯಾಗ ಕೊಂಡಿ ಹರಿದೈತಿ, ಹೊಸಾದು ಕಳಸು" ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿದೆ.

ಇಳಕಲ್ಲಿನಲ್ಲಿ ಕೊಂಡಿ ಎಂದರೆ ಒಂದೇ: ಸೀರೆಯ ಒಡಲಿನ ಎಳೆಗಳನ್ನು ಸೆರಗಿನ ಎಳೆಗಳಿಗೆ ಮಗ್ಗದ ಮೇಲೆ ಸೇರಿಸುವ ಜೋಡಣೆ. ಜೋಡಿಸಿದ್ದು ಕಣ್ಣಿಗೆ ಕಾಣಬಾರದು, ಅದೇ ನೇಕಾರನ ಕೈಚಳಕ. ಕಂಪ್ಯೂಟರಿನ ಕೊಂಡಿ ಹರಿದ ಸುದ್ದಿ ಸಂಜೆಯೊಳಗೆ ಮಗ್ಗ ಮಗ್ಗಕ್ಕೂ ಮುಟ್ಟಿತು.

ಗೆಳೆಯ ಹೊಸ ಲಿಂಕ್ ಕಳಿಸಿದ, ತಂತ್ರಾಂಶವೂ ಕೂತಿತು. ಉದ್ಘಾಟನೆಗೆ ವಾಚನಾಲಯ ಕಿಕ್ಕಿರಿದಿತ್ತು. ಮುಂದಿನ ಸಾಲಿನ ತುಂಬ ನೇಕಾರ ಮನೆಗಳ ಅಜ್ಜಿಯರು. ಗುಂಡಿ ಒತ್ತಿದೆ. ಡಬ್ಬಿಗಳಿಲ್ಲ! ವಚನಗಳ ಪುಸ್ತಕ ಒತ್ತಕ್ಷರ ಸಮೇತ ಅಚ್ಚ ಕನ್ನಡದಲ್ಲಿ ತೆರೆದುಕೊಂಡಿತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಕಾರ್ಯದರ್ಶಿಗಳು. ಆವತ್ತು ನನಗಾದಷ್ಟು ಹೆಮ್ಮೆ ಮುಂದೆಂದೂ ಆಗಿಲ್ಲ.

ಒಬ್ಬ ಅಜ್ಜಿ ಎದ್ದು ಬಂದು ಪರದೆಯ ಮೇಲೆ ಅಂಗೈ ಆಡಿಸಿದಳು. "ತಮ್ಮಾ, ಕೊಂಡಿ ಎಲ್ಲಿ ಹಾಕೀಯೋ ಗೊತ್ತ ಆಗವಲ್ದು. ಭಾಳ ಛಲೋ ಕೈ ಐತಿ ನಿಂದು."

ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಪದವಿ ಇಲ್ಲ. ಹಿಗ್ಗಿ ಕಾಲಿಗೆ ಬಿದ್ದೆ. ಅಜ್ಜಿ ತಲೆ ಸವರಿ ಮರುಗಿದಳು:

"ಇಂಥಾ ಕೈ ಇಟಗೊಂಡು ಈ ಟೀವಿ ಮುಂದ ಕುಂತು ಯಾಕ ಹಾಳಾಗ್ತಿ? ನಾಳಿಂದ ನಮ್ಮ ಮನಿಗೆ ಬಾ, ಒಂದ ಮಗ್ಗ ಖಾಲಿ ಐತಿ."