ಮೋತಿಗೊಂದು ಹಲಗೆ ನೆಲ

ನಯೇ ಪೈಸೆ ಬಂದ ವರ್ಷ, ಏಪ್ರಿಲ್ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಪರೇಲಿನ ನಮ್ಮ ಚಾಳಿನ ಮೂರನೇ ಮಾಳಿಗೆ. ಹಾಜರಿದ್ದವರು ನಾನು, ನನ್ನ ಹೆಂಡತಿ ರುಕ್ಮಿಣಿ, ಮತ್ತು ಮೋತಿ ಎಂಬ ಮುದಿ ನಾಯಿ. ಹಾಜರಿ ಹಿಡಿಯದೆ ನನಗೆ ಯಾವ ಮಾತನ್ನೂ ಆರಂಭಿಸಲು ಬರುವುದಿಲ್ಲ. ಡ್ರಿಲ್ ಮಾಸ್ತರನಾಗಿ ನಿವೃತ್ತನಾದವನು ನಾನು. ಮದುವೆಯ ಮಂಟಪದಲ್ಲಿ ಪುರೋಹಿತರಿಗೇ ಬೆನ್ನು ನೆಟ್ಟಗೆ ಮಾಡಿ ಕೂರುವಂತೆ ಹೇಳಿದೆನೆಂದು ರುಕ್ಮಿಣಿ ಈಗಲೂ ಎಲ್ಲರೆದುರು ಹೇಳುತ್ತಾಳೆ. ಅಂದು ಎರಡೇ ಕೆಲಸವಿತ್ತು: ಮೋತಿಯನ್ನು ಅವನ ಹೊಸ ಮನೆಗೆ ಒಪ್ಪಿಸುವುದು, ಮರುದಿನ ಬೊರಿವಲಿಗೆ ಹೊರಡಲು ಪಾತ್ರೆಗಳ ಗೋಣಿ ಕಟ್ಟುವುದು. ಎರಡರಲ್ಲಿ ಕಷ್ಟದ್ದು ಗೋಣಿ ಎಂದೇ ನಾನು ತಿಳಿದಿದ್ದೆ.

ಮೋತಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಅವನ ಹೆಸರು ಮೋತಿ ಎಂದು ಚಾಳಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ಮರಿಯಾಗಿ ಬಂದ ಹೊಸತರಲ್ಲಿ ಶಿಸ್ತು ಕಲಿಸಲೆಂದು ನಾನು ಸೀಟಿ ಊದಿದ್ದೇ ಊದಿದ್ದು. ಎದುರು ಚಾಳಿನ ನಾಯಿಗಳೆಲ್ಲ ಓಡಿ ಬಂದವು. ಇವನು ಬೆನ್ನು ತಿರುಗಿಸಿ ಮಲಗಿದ್ದ. ಇಷ್ಟು ಸೊಕ್ಕಿನ ವಿದ್ಯಾರ್ಥಿಯನ್ನು ಕಂಡಿರಲಿಲ್ಲವೆಂದು ಸಿಟ್ಟಿನಿಂದ ಕಾಲು ಅಪ್ಪಳಿಸಿದೆ. ನಮ್ಮ ಚಾಳಿನ ನೆಲ ಮರದ ಹಲಗೆಯದು. ಅವನು ತಟ್ಟನೆ ಎದ್ದು ಬಂದು ನನ್ನೆದುರು ನಿಂತ. ಕಿವಿಗೆ ಕೇಳದ್ದು ಅವನ ಪಾದಕ್ಕೆ ತಿಳಿಯುತ್ತಿತ್ತು. ಅಂದಿನಿಂದ ನಮ್ಮಿಬ್ಬರ ಮಾತುಕತೆಯೆಲ್ಲ ನೆಲದ ಮೂಲಕವೇ ನಡೆಯಿತು. ಆ ನೆಲವೇ ಕೆಳಗಿನವರ ತಲೆಯ ಮೇಲಿನ ಮಾಡು ಎಂಬುದು ನನಗೆ ಹೊಳೆಯಲಿಲ್ಲ. ನಮ್ಮ ಕೆಳಗಿನ ಖೋಲಿಯಲ್ಲಿ ವಿಜಾಪುರ ಕಡೆಯ ಗೌರವ್ವ. ನನ್ನ ಪ್ರತಿ ಏಟಿಗೂ ಅವರ ಒಲೆಯ ಮೇಲೆ ಧೂಳು ಉದುರುತ್ತಿತ್ತು. "ಏನ್ರೀ ಮಾಸ್ತರ, ನಿಮ್ಮವು ಕಾಲೋ ಒನಕಿಯೋ? ನಮ್ಮ ಬ್ಯಾಳಿಗೆ ಒಗ್ಗರಣಿ ನಾವ ಹಾಕ್ಕೋತೀವಿ, ನೀವು ಹಾಕೂದು ಬ್ಯಾಡ" ಎಂದು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಅನ್ನುತ್ತಿದ್ದರು. ಕೆಲವೊಮ್ಮೆ ಕೋಲಿನಿಂದ ಮಾಡಿಗೆ ಕುಟ್ಟುವರು. ಉತ್ತರವಾಗಿ ನಾನು ಇನ್ನೊಂದು ಸಲ ಕಾಲು ಬಡಿಯುತ್ತಿದ್ದೆ.

ರುಕ್ಮಿಣಿಯ ಮೊಣಕಾಲಿಗೆ ಮೆಟ್ಟಿಲು ಆಗದೆಂದು ಬೊರಿವಲಿಯಲ್ಲಿ ನೆಲಮಟ್ಟದ ಮನೆ ಹಿಡಿದೆವು. ಅಲ್ಲಿ ಸಿಮೆಂಟು ನೆಲ. ಹಿತ್ತಲಿಗೆ ತಾಗಿಕೊಂಡೇ ಬೇಲಿಯಿಲ್ಲದ ರೈಲುಹಳಿ. ಮೋತಿಯನ್ನು ಒಮ್ಮೆ ಕರೆದೊಯ್ದು ನೋಡಿದೆ. ಅವನು ಮೂಸುತ್ತ ಮೂಸುತ್ತ ಹಳಿಯ ಕಡೆ ನಡೆದ. ನಾನು ಜಗಲಿಯ ಮೇಲೆ ಕಾಲು ಬಡಿದೆ. ನನ್ನ ಹಿಮ್ಮಡಿ ನೊಂದಿತು, ಅವನು ತಿರುಗಲಿಲ್ಲ. ಓಡಿಹೋಗಿ ಕುತ್ತಿಗೆ ಹಿಡಿದು ಎಳೆದುಕೊಂಡೆ; ಲೋಕಲ್ ನಮ್ಮಿಬ್ಬರ ಮುಂದೆಯೇ ಹಾದುಹೋಯಿತು. ಕಟ್ಟಿಹಾಕೋಣವೆಂದರೆ, ಈ ವಯಸ್ಸಿನಲ್ಲಿ ಅವನಿಗೆ ಸರಪಳಿಯ ಶಿಕ್ಷೆ ಯಾವ ತಪ್ಪಿಗೆ?

ಹಾಗಾಗಿ ಮೋತಿಯನ್ನು ಇಟ್ಟುಕೊಳ್ಳುವ, ಹಲಗೆ ನೆಲವಿರುವ ಬೇರೆ ಮನೆ ಹುಡುಕಲು ಹೊರಟೆ. ಪರಿಚಯದ ಉಡುಪಿ ಹೋಟೆಲಿನ ಅಟ್ಟ ಹತ್ತಿ, ಕಾಫಿ ಬರುವ ಮೊದಲೇ ಕಾಲು ಬಡಿದು ಪರೀಕ್ಷಿಸಿದೆ. "ಎಂತ ಮಾಸ್ಟ್ರೇ ಇದು! ಅಡಿಯಲ್ಲಿ ಗಿರಾಕಿಗಳು ಊಟಕ್ಕೆ ಕೂತಿದ್ದಾರೆ ಮಾರಾಯ್ರೆ" ಎಂದು ಯಜಮಾನರು ಓಡಿಬಂದರು. ಕಾಂದಿವಲಿಯಲ್ಲಿ ದೂರದ ಸಂಬಂಧಿಯೊಬ್ಬನಿದ್ದಾನೆ. ಅವನ ಮನೆಯೊಳಗೆ ಕಾಲಿಟ್ಟವನೇ ಎರಡು ಸಲ ಬಡಿದೆ. ಅವನು ಬಿಳಿಚಿಕೊಂಡು ನನ್ನ ಕೈ ಹಿಡಿದ. "ಸಿಟ್ಟು ಮಾಡಬೇಡಿ ಭಾವ. ಮಗಳ ಮದುವೆಗೆ ನಿಮ್ಮನ್ನು ಕರೆಯದೆ ಇದ್ದದ್ದು ನಮ್ಮ ತಪ್ಪೇ." ಅವನ ಮಗಳಿಗೆ ಮದುವೆಯಾದದ್ದು ನನಗೆ ಆಗಲೇ ತಿಳಿದದ್ದು. ಅವನ ನೆಲವೋ ಕಲ್ಲಿನ ಫರಸಿಯದು.

ಕೊನೆಗೆ ಮುದಿ ಜಾನುವಾರುಗಳನ್ನು ಸಾಕುವ ಪಾಂಜರಪೋಳವೇ ಗತಿ ಎಂದು ನಾನೂ ರುಕ್ಮಿಣಿಯೂ ಮೆಟ್ಟಿಲಿಳಿಯುತ್ತ ಮಾತಾಡುತ್ತಿದ್ದಾಗ ಗೌರವ್ವ ಬಾಗಿಲಿಗೆ ಬಂದರು.

"ಅಲ್ಲಿ ಅದರ ಭಾಷಾ ಯಾರಿಗೆ ಬರ್ತದರೀ? ಇಷ್ಟು ವರ್ಷ ನಿಮ್ಮ ಕಾಲ ಕೆಳಗ ಕುಂತೀನಿ. ಒಂದು ಬಡದ್ರ ಊಟ. ಎರಡು ಬಡದ್ರ ತಿರುಗಾಡ್ಲಿಕ್ಕೆ. ಮೂರು ಬಡದ್ರ ನಾಯಿ ಏಳೂದಿಲ್ಲ, ನಿಮ್ಮ ಮನಿಯವರು ಏಳ್ತಾರ. ಅದು ನಿಮ್ಮ ಚಹಾ." ಅವರು ರುಕ್ಮಿಣಿಯ ಕಡೆ ತಿರುಗಿದರು. "ಹೌದಲ್ರೀ ಅಕ್ಕಾರ?"

ರುಕ್ಮಿಣಿ ಹೌದೆಂದಳು. ಅದು ಇಷ್ಟು ಬೇಗ ಹೇಳಬೇಕಾದ ಮಾತಾಗಿರಲಿಲ್ಲ.

"ಇಲ್ಲೇ ಬಿಟ್ಟು ಹೋಗ್ರಿ. ನಮ್ಮ ನೆಲಾನೂ ಹಲಗೀದ ಐತಿ" ಎಂದರು ಗೌರವ್ವ. ಅರ್ಧ ಮುಂಬಯಿಯ ನೆಲ ಬಡಿದು ಬಂದವನಿಗೆ ನನ್ನ ನೆಲದ ಅಡಿಯಲ್ಲೇ ಒಬ್ಬರಿದ್ದಾರೆಂದು ನೆನಪಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೋತಿಯನ್ನು ಇಳಿಸಿಕೊಂಡು ಹೋದೆವು. ಗೌರವ್ವ ಮೂಲೆಯಲ್ಲಿ ಹಳೆಯ ಕೌದಿ ಹಾಸಿದ್ದರು. ಸೀರೆಯ ನೆರಿಗೆ ಎತ್ತಿ ಹಿಡಿದು ಒಮ್ಮೆ ಕಾಲು ಬಡಿದರು. ಮೋತಿ ನನ್ನ ಮುಖ ನೋಡಿದ. ಮತ್ತೆ ಬಡಿದರು. ಮತ್ತೆ ನನ್ನ ಮುಖವನ್ನೇ ನೋಡಿದ. ನನ್ನ ಬಲಗಾಲು ತಾನಾಗಿಯೇ ಮೇಲೆದ್ದಿತು. ರುಕ್ಮಿಣಿ ತೋಳು ಹಿಡಿದು, "ಬೇಡಿ. ನೀವು ಬಡಿದರೆ ಅವರದ್ದು ಅವನು ಯಾವಾಗ ಕಲಿಯುವುದು?" ಎಂದಳು. ಹಿಂದಿರುಗಿ ನೋಡದೆ ಮೆಟ್ಟಿಲು ಹತ್ತಿ ಬಂದೆವು.

ಅಂದು ದಿನವಿಡೀ ನಾನು ತುದಿಗಾಲಲ್ಲಿ ನಡೆದೆ. ನನ್ನ ಹೆಜ್ಜೆ ತಿಳಿದು ಅವನು ಎದ್ದು ಬಾಗಿಲಿಗೆ ಬಂದರೆ ಎಂದು ಹೆದರಿಕೆ. ಗೌರವ್ವ ಅಷ್ಟು ವರ್ಷ ಬೇಡಿಕೊಂಡರೂ ಬಾರದ ನಡಿಗೆ, ಆ ಮನೆಯಲ್ಲಿ ನಮ್ಮ ಕೊನೆಯ ದಿನ ಬಂತು. ಮಧ್ಯಾಹ್ನ ಕೆಳಗಿನಿಂದ ಒಮ್ಮೆ ಬಡಿದದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಅವನು ಉಣ್ಣಲಿಲ್ಲವೆಂದು ತಿಳಿಯಿತು. ನಾವೂ ಬಡಿಸಿಕೊಂಡದ್ದನ್ನು ಹಾಗೇ ಮುಚ್ಚಿಟ್ಟೆವು.

ದೀಪ ಹಚ್ಚುವ ಹೊತ್ತಿಗೆ ನಾನು ಪೆಟ್ಟಿಗೆಯ ಮೇಲೆ ಕುಳಿತು ಗೋಣಿಯ ಬಾಯಿ ಹೊಲಿಯುತ್ತಿದ್ದೆ. ಕೆಳಗಿನಿಂದ ಮತ್ತೊಂದು ಏಟು. ಈ ಸಲ ಬಲವಾದದ್ದು. ಕಂಬದಲ್ಲಿ ಹತ್ತಿ, ಹಲಗೆಯಲ್ಲಿ ಹರಿದು, ನನ್ನ ಅಂಗಾಲಿಗೆ ಬಂತು. ಸ್ವಲ್ಪ ಹೊತ್ತು ಬಿಟ್ಟು, ಹಲಗೆಯ ಮೇಲೆ ಉಗುರುಗಳು ಗೀರುವ ಸದ್ದು. ಮೂಲೆಯಿಂದ ಒಲೆಯ ಕಡೆಗೆ, ನಿಧಾನವಾಗಿ. ಆಮೇಲೆ ತಟ್ಟೆ ಜರುಗುವ ಸದ್ದು.

"ನೀವು ಎಂತಕ್ಕೆ ಎದ್ದದ್ದು?" ಎಂದಳು ರುಕ್ಮಿಣಿ.

ನನ್ನನ್ನೇ ನೋಡಿಕೊಂಡೆ. ಎರಡು ಕೈಗಳನ್ನೂ ತೊಡೆಗೆ ಒತ್ತಿ, ಅಡಿಗೆಯ ಮೂಲೆಗೆ ಮುಖ ಮಾಡಿ ನೆಟ್ಟಗೆ ನಿಂತಿದ್ದೆ.

"ಕೂತುಕೊಳ್ಳಿ. ಕರೆದದ್ದು ನಿಮ್ಮನ್ನಲ್ಲ" ಎಂದಳು. ನಗಲಿಲ್ಲ.

ಕುಳಿತುಕೊಂಡೆ. ಗೋಣಿಯ ಉಳಿದ ಬಾಯಿ ಹೊಲಿದು ಮುಗಿಸಿದೆ. ಆಮೇಲೆ ನಾವಿಬ್ಬರೂ ಎರಡು ಕಡೆ ಹಿಡಿದು ಅದನ್ನು ಎತ್ತಿಕೊಂಡು ಹೋಗಿ, ಬಾಗಿಲ ಬಳಿ, ನೆಲಕ್ಕೆ ತಿಳಿಯದ ಹಾಗೆ ಇಳಿಸಿದೆವು.